ಘಟ್ಟದ ಜ್ವರವೂ ರಕ್ತದಾನವೂ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂದು ದಾನಗಳು ನಾಲ್ಕು ಬಗೆಯೆಂಬುದು ಜೈನರ ಪರಂಪರೆ. ಮೂಡುಬಿದಿರೆಯ ಬಸದಿಗಳನ್ನು ಕಂಡುಬಂದವರಿಗೆ ಈ ಚತುರ್ವಿಧದಾನದ ಮಾತು ಹೊಸದಾಗಿರಲಾರದು. ಅದೇ ಪರಂಪರೆಯ ಆಚಾರ್ಯರು ಇನ್ನೊಂದು ವಿಚಾರವನ್ನೂ ಹೇಳಿರುವರು: ದಾನದ ಫಲವು ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ, ಪಡೆಯುವ ಪಾತ್ರ ಎಂಬ ನಾಲ್ಕರ ಗುಣವನ್ನು ಅನುಸರಿಸಿ ಹೆಚ್ಚು ಕಡಮೆಯಾಗುತ್ತದೆ. ರಕ್ತದಾನವು ನಮ್ಮ ಪೂರ್ವಿಕರು ಅರಿಯದಿದ್ದ ದಾನ. ಭೈಷಜ್ಯವೂ ಅಭಯವೂ ಅದರಲ್ಲಿ ಒಂದಾಗಿ ಬೆರೆತಿವೆ. ಆದರೆ ಅನ್ನವನ್ನು ಕೊಡುವವನು ಅನ್ನವನ್ನು ಕಣ್ಣಾರೆ ಕಂಡು ಕೊಡುತ್ತಾನೆ. ರಕ್ತವನ್ನು ಕೊಡುವವನಿಗೆ ತಾನು ಕೊಡುತ್ತಿರುವ ದ್ರವ್ಯದಲ್ಲಿ ಏನಿದೆಯೆಂಬುದು ತಿಳಿಯದು. ಪಡೆಯುವವನಂತೂ ಅನೇಕ ವೇಳೆ ಪ್ರಜ್ಞೆಯಿಲ್ಲದೆ ಮಲಗಿರುತ್ತಾನೆ. ಆದುದರಿಂದ ಈ ದಾನದಲ್ಲಿ ದ್ರವ್ಯಪರೀಕ್ಷೆಗೆ ಉಳಿದ ಯಾವ ದಾನದಲ್ಲಿಯೂ ಇಲ್ಲದ ಪ್ರಾಮುಖ್ಯವುಂಟು.

ಈ ಪರೀಕ್ಷೆಯ ಚರಿತ್ರೆಯಲ್ಲಿ ಒಂದು ಭಾಗವನ್ನು ಮಾತ್ರ ನಾವು ಇಲ್ಲಿ ವಿಚಾರಮಾಡೋಣ. ಮಲೇರಿಯಾ ಎಂಬ ಚಳಿಜ್ವರದ ಪರೋಪಜೀವಿಯು ರಕ್ತದ ಮೂಲಕ ದಾನಿಯಿಂದ ರೋಗಿಗೆ ದಾಟದಂತೆ ತಡೆಯುವ ಬಗೆ ಯಾವುದು, ಅದಕ್ಕೂ ಮನುಷ್ಯನ ಪ್ರಯಾಣಕ್ಕೂ ಇರುವ ಸಂಬಂಧವೇನು, ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳಂಥ ಊರುಗಳವರು ಇದರಿಂದ ತಿಳಿದುಕೊಳ್ಳತಕ್ಕದ್ದೇನು ಎಂಬುದೇ ನಮ್ಮ ಪ್ರಶ್ನೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಮೇಲು. ‘ಈಚೆಗೆ ಎಲ್ಲಿಗೆ ಹೋಗಿದ್ದಿರಿ? ಜ್ವರ ಬಂದಿತ್ತೆ?’ ಎಂದು ದಾನಿಯನ್ನು ಕೇಳುವ ಎರಡು ಪ್ರಶ್ನೆಗಳು ಪ್ರಯೋಗಶಾಲೆಯ ಪರೀಕ್ಷೆಗೆ ಯಾವ ವಿಧದಲ್ಲಿಯೂ ಕಡಮೆಯಾದುವಲ್ಲ. ಜ್ವರವು ನಾಡಿನಿಂದ ತೊಲಗುತ್ತ ಹೋದಂತೆಲ್ಲ ಅವುಗಳ ಬೆಲೆ ಹೆಚ್ಚುತ್ತಲೇ ಹೋಗುತ್ತದೆ.

ಈ ಮೂರು ಊರುಗಳ ನೆಲೆಯನ್ನು ಮೊದಲು ನೆನೆಯಬೇಕು. ಬಂಟವಾಳವು ನೇತ್ರಾವತಿಯ ದಡದಲ್ಲಿದೆ. ಹಿಂದೆ ಮಂಗಳೂರಿನಿಂದ ದೋಣಿಗಳು ಹೊಳೆಯಲ್ಲಿ ಇಲ್ಲಿಯವರೆಗೆ ಬರುತ್ತಿದ್ದುವು; ಘಟ್ಟದ ಮೇಲಿನಿಂದ ಎತ್ತುಗಳ ಬೆನ್ನಿನ ಮೇಲೆಯೂ ಗಾಡಿಗಳಲ್ಲಿಯೂ ಇಳಿದು ಬಂದ ಸರಕು ಇಲ್ಲಿ ದೋಣಿಗೇರುತ್ತಿದ್ದಿತು. ಮೈಸೂರು ಸೀಮೆಯ ಕಾಫಿಯೂ ಈ ದಾರಿಯಲ್ಲಿ ಸಾಗಿ ಕಡಲನ್ನು ಸೇರಿದೆ. ಬೆಳ್ತಂಗಡಿಯದು ಘಟ್ಟದ ಬುಡದ ಸೀಮೆ. ಅಲ್ಲಿಂದ ಚಾರ್ಮಾಡಿಯ ದಾರಿಯನ್ನು ಹತ್ತಿದರೆ ಕೊಟ್ಟಿಗೆಹಾರ, ಅದರಾಚೆ ಮೂಡಿಗೆರೆ. ಧರ್ಮಸ್ಥಳವು ಈ ತಾಲ್ಲೂಕಿನಲ್ಲಿಯೇ ಇರುವುದರಿಂದ ನಾಡಿನ ಮೂಲೆಮೂಲೆಯ ಯಾತ್ರಿಕರು ಇಲ್ಲಿಗೆ ಬಂದುಹೋಗುವರು. ಮೂಡುಬಿದಿರೆಯು 1430ರ ಸುಮಾರಿನಲ್ಲಿ ನಿರ್ಮಿತವಾದ ಸಾವಿರ ಕಂಬದ ಬಸದಿಯಿಂದ ಪ್ರಸಿದ್ಧವಾಗಿದ್ದು, ಹಿಂದೆ ವರ್ತಕರ ಊರಾಗಿದ್ದು, ಇಂದು ದೂರದೂರದ ವಿದ್ಯಾರ್ಥಿಗಳು ಬಂದು ನೆಲಸುವ ವಿದ್ಯಾಕೇಂದ್ರವಾಗಿದೆ. ಟಿಪ್ಪುಸುಲ್ತಾನನ ಪತನಾನಂತರ ದೇಶಸ್ಥಿತಿಯನ್ನು ತಿಳಿಯಲೆಂದು ಕಂಪೆನಿಯವರು ಕಳುಹಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1801ರ ಆರಂಭದಲ್ಲಿ ಬಂಟವಾಳ, ಮೂಡುಬಿದಿರೆಗಳ ಸೀಮೆಯಲ್ಲಿ ಸಂಚರಿಸಿದನು. ಒಟ್ಟಿನಲ್ಲಿ ಇವು ದಾರಿಯ ಮೇಲಿನ ಊರುಗಳು. ದಾರಿಯ ಮೇಲಿನ ಊರಿಗೆ ಸರಕು ಬರುವಂತೆ ರೋಗವೂ ಬರುತ್ತದೆ.

ಈ ಸೀಮೆಯವರಿಗೆ ಚಳಿಜ್ವರದ ಪರಿಚಯವಾದುದು ಬಹುಮಟ್ಟಿಗೆ ಘಟ್ಟದ ದಾರಿಯಲ್ಲಿಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಡೆ ಕಾಫಿತೋಟಗಳು ಬೆಳೆದಂತೆ ದಕ್ಷಿಣ ಕನ್ನಡದ ಬಡ ಒಕ್ಕಲುಗಳೂ ಕೂಲಿಗಳೂ ಮೇಸ್ತ್ರಿಯಿಂದ ಮುಂಗಡ ಹಣ ಪಡೆದು ಘಟ್ಟ ಹತ್ತುವುದು ವಾಡಿಕೆಯಾಯಿತು. ಗದ್ದೆಯ ಕೊಯಿಲು ಮುಗಿದ ಮೇಲೆ ಹೋಗಿ, ಮಳೆ ಹಿಡಿಯುವ ಮುನ್ನ ಮರಳುವರು. ಮರಳುವವರಲ್ಲಿ ಕೆಲವರ ಮೈಯಲ್ಲಿ ಜ್ವರವೂ ಮರಳುತ್ತಿದ್ದಿತು. ಮಲೆನಾಡಿನ ತೊರೆಗಳ ಅಂಚಿನಲ್ಲಿ, ಹುಲ್ಲಿನ ನೆರಳಿನಲ್ಲಿ, ಮೆಲ್ಲನೆ ಹರಿಯುವ ತಿಳಿನೀರಿನಲ್ಲಿ ಹುಟ್ಟುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆಯೇ ಅದರ ಮೂಲವೆಂಬುದನ್ನು ಇಂದು ನಾವು ಬಲ್ಲೆವು. ಆ ಕಾಲದವರು ಅದನ್ನು ಅರಿಯರು. ಕಾಡಿನ ನೀರು, ಕಾಡಿನ ಗಾಳಿ, ಕೊಳೆತ ಎಲೆ ಇವೇ ಕಾರಣವೆಂದು ಅವರು ತಿಳಿದಿದ್ದರು. ಕಾರಣವನ್ನು ತಿಳಿಯದಿದ್ದರೂ ಜ್ವರ ಬಂದವನನ್ನು ಕಂಡೊಡನೆ ‘ಘಟ್ಟಕ್ಕೆ ಹೋಗಿದ್ದನೆ?’ ಎಂದು ಕೇಳುವುದು ಮಾತ್ರ ಅವರಿಗೆ ತಿಳಿದಿದ್ದಿತು. ಪ್ರಯಾಣವನ್ನೂ ಜ್ವರವನ್ನೂ ಜೋಡಿಸುವ ಈ ಪ್ರಶ್ನೆಯು ಸೂಕ್ಷ್ಮದರ್ಶಕಕ್ಕಿಂತ ಹಳೆಯದು.

ನಮ್ಮ ಆಯುರ್ವೇದವು ಬಿಟ್ಟು ಬಿಟ್ಟು ಬರುವ ಜ್ವರಗಳಿಗೆ ವಿಷಮಜ್ವರವೆಂದು ಹೆಸರಿಟ್ಟು, ಮೂರನೆಯ ದಿನಕ್ಕೆ ಮರುಕಳಿಸುವುದನ್ನು ತೃತೀಯಕವೆಂದೂ ನಾಲ್ಕನೆಯ ದಿನಕ್ಕೆ ಮರುಕಳಿಸುವುದನ್ನು ಚತುರ್ಥಕವೆಂದೂ ವಿಂಗಡಿಸಿದ್ದಿತು. ಈ ಜ್ವರದ ಬೀಜವು ರಕ್ತದಲ್ಲಿಯೇ ಇರುವುದೆಂದು ಕಣ್ಣಾರೆ ಕಂಡವನು ಫ್ರೆಂಚ್ ಸೇನಾವೈದ್ಯನಾದ ಲಾವೆರಾನ್. 1880ರಲ್ಲಿ ಅಲ್ಜೀರಿಯಾದ ಕಾನ್‌ಸ್ಟಂಟೈನ್ ನಗರದಲ್ಲಿ, ಜ್ವರಪೀಡಿತ ಸೈನಿಕನೊಬ್ಬನ ರಕ್ತದ ಹನಿಯಲ್ಲಿ, ಅವನು ಆ ಪರೋಪಜೀವಿಯನ್ನು ಗುರುತಿಸಿದನು. ನಾಲ್ಕು ವರ್ಷಗಳ ತರುವಾಯ, 1884ರಲ್ಲಿ, ಜರ್ಮನಿಯ ಗೆರ್‌ಹಾರ್ಟ್ ಎಂಬ ವೈದ್ಯನು ರೋಗಿಯ ರಕ್ತವನ್ನು ಆರೋಗ್ಯವಂತರ ಮೈಗೆ ಚುಚ್ಚಿ, ಅವರಲ್ಲಿಯೂ ಅದೇ ಜ್ವರವು ಹುಟ್ಟುವುದೆಂದು ತೋರಿಸಿದನು. ಸೊಳ್ಳೆಯ ಪಾತ್ರವು ಬೆಳಕಿಗೆ ಬಂದುದು ಅದಕ್ಕೂ ಹದಿಮೂರು ವರ್ಷಗಳ ಮೇಲೆ. ರಕ್ತದಿಂದ ರಕ್ತಕ್ಕೆ ದಾಟುವ ದಾರಿಯು ಮನುಷ್ಯನಿಗೆ ಸೊಳ್ಳೆಯ ದಾರಿಗಿಂತ ಮೊದಲೇ ಗೊತ್ತಾಗಿದ್ದಿತೆಂಬುದನ್ನು ನಾವು ಮರೆಯಲಾಗದು.

ಸೊಳ್ಳೆಯ ದಾರಿಯನ್ನು ಕಂಡುಹಿಡಿದ ರೊನಾಲ್ಡ್ ರಾಸ್ ನಮ್ಮ ನಾಡಿಗೆ ಅಪರಿಚಿತನಲ್ಲ. 1895ರಲ್ಲಿ ಕಾಲರಾ ನಿವಾರಣೆಯ ಕೆಲಸಕ್ಕಾಗಿ ಅವನನ್ನು ಬೆಂಗಳೂರಿಗೆ ಕಳುಹಿಸಿದ್ದರು. 1897ರಲ್ಲಿ ಅವನು ನೀಲಗಿರಿಯ ತಪ್ಪಲಿನ ಸಿಗೂರು ಘಟ್ಟಕ್ಕೆ ಮಲೇರಿಯಾದ ಶೋಧನೆಗೆಂದು ಹೋಗಿ, ಕೆಲವೇ ದಿನಗಳಲ್ಲಿ ತಾನೇ ಆ ಜ್ವರಕ್ಕೆ ತುತ್ತಾದನು. ಘಟ್ಟಕ್ಕೆ ಹೋದವನು ಜ್ವರ ಹೊತ್ತು ಬರುವನೆಂಬ ನಮ್ಮವರ ಅನುಭವಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. ಅದೇ ವರ್ಷ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅವನು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಪರೋಪಜೀವಿಯನ್ನು ಕಂಡನು; 1902ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು.

ಇನ್ನು ರಕ್ತದಾನದ ಕಡೆಗೆ ತಿರುಗೋಣ. ವಿಯೆನ್ನಾದ ಲ್ಯಾಂಡ್‌ಸ್ಟೈನರ್ 1901ರಲ್ಲಿ ಮನುಷ್ಯರ ರಕ್ತದಲ್ಲಿ ಗುಂಪುಗಳಿವೆಯೆಂದು ಪ್ರಕಟಿಸಿದ ಮೇಲೆಯೇ ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಧೈರ್ಯವಾಗಿ ಕೊಡುವುದು ಸಾಧ್ಯವಾಯಿತು. 1914-15ರಲ್ಲಿ ಸೋಡಿಯಂ ಸಿಟ್ರೇಟ್ ಎಂಬ ಲವಣವು ರಕ್ತವನ್ನು ಹೆಪ್ಪುಗಟ್ಟದಂತೆ ಇಡುವುದೆಂದು ತಿಳಿಯಲು, ದಾನಿಯೂ ರೋಗಿಯೂ ಅಕ್ಕಪಕ್ಕದಲ್ಲಿ ಮಲಗಬೇಕಾದ ನಿರ್ಬಂಧವು ತಪ್ಪಿತು. ಆದರೆ ವಿದ್ಯೆಯು ಎಳೆಯದಾಗಿರುವಾಗಲೇ ಅದರ ದೋಷವೂ ಕಾಣಿಸಿಕೊಂಡಿತು. ದಾನಿಯ ರಕ್ತದಿಂದ ರೋಗಿಗೆ ಮಲೇರಿಯಾ ದಾಟಿದ ಸಂಗತಿಯು ವೈದ್ಯಗ್ರಂಥಗಳಲ್ಲಿ 1911ರಲ್ಲಿಯೇ ಅಮೆರಿಕದಿಂದ ವರದಿಯಾಗಿದೆ.

ಇದಕ್ಕಿಂತಲೂ ವಿಚಿತ್ರವಾದ ಸಂಗತಿಯೊಂದುಂಟು. 1917ರಲ್ಲಿ ವಿಯೆನ್ನಾದ ವಾಗ್ನರ್ ಯೌರೆಗ್ ಎಂಬ ವೈದ್ಯನು, ಸಿಫಿಲಿಸ್ ರೋಗವು ಮಿದುಳಿಗೇರಿ ಬುದ್ಧಿಭ್ರಮಣೆಯಾದ ರೋಗಿಗಳಿಗೆ ಮಲೇರಿಯಾ ರೋಗಿಯ ರಕ್ತವನ್ನು ಬೇಕೆಂದೇ ಚುಚ್ಚಿ, ಜ್ವರದ ತಾಪದಿಂದ ಅವರ ರೋಗವನ್ನು ಇಳಿಸಲು ಪ್ರಯತ್ನಿಸಿದನು. 1927ರಲ್ಲಿ ಅವನಿಗೂ ನೊಬೆಲ್ ಪಾರಿತೋಷಕವು ದೊರೆಯಿತು. ಪೆನಿಸಿಲಿನ್ ಬಂದ ಬಳಿಕ ಆ ಚಿಕಿತ್ಸೆಯು ಮೂಲೆಗೆ ಸೇರಿತು. ಆದರೆ ರಕ್ತದ ಅಲ್ಪಾಂಶವೂ ಈ ಜ್ವರವನ್ನು ತಪ್ಪದೆ ದಾಟಿಸಬಲ್ಲದೆಂಬುದಕ್ಕೆ ಜಗತ್ತಿನ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ನಡೆದ ಪ್ರತ್ಯಕ್ಷ ಪ್ರಮಾಣವಾಗಿ ಅದು ಉಳಿದಿದೆ.

ಆರೋಗ್ಯವಂತನಂತೆ ಕಾಣುವವನ ಮೈಯಲ್ಲಿ ಅಡಗಿರುವ ಮಲೇರಿಯಾವನ್ನು ಕಂಡುಹಿಡಿಯುವ ಪ್ರಯತ್ನವಾದರೋ ರಕ್ತದಾನಕ್ಕಿಂತ ಹಳೆಯದು. ಅದೂ ನಮ್ಮ ದೇಶದಲ್ಲಿಯೇ ನಡೆಯಿತು. 1840ರ ದಶಕದಲ್ಲಿ ಉತ್ತರ ಹಿಂದೂಸ್ಥಾನದ ಕಾಲುವೆಗಳ ಬಳಿಯ ಹಳ್ಳಿಗಳಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯನು ಜನರ ಹೊಟ್ಟೆಯ ಎಡಭಾಗವನ್ನು ಕೈಯಿಂದ ಒತ್ತಿ ನೋಡಿ, ಎಷ್ಟು ಮಂದಿಗೆ ಗುಲ್ಮವು ಊದಿಕೊಂಡಿದೆಯೆಂದು ಎಣಿಸಿದನು. ಪದೇ ಪದೇ ಮಲೇರಿಯಾ ಬಂದವರಲ್ಲಿ ಗುಲ್ಮವು ದೊಡ್ಡದಾಗುವುದು. ಹೀಗೆ ಊರಿನ ಜ್ವರದ ಪ್ರಮಾಣವನ್ನು ಅಳೆಯಲು ವೈದ್ಯನ ಬೆರಳುಗಳೇ ಮೊದಲ ಉಪಕರಣವಾದುವು. ಸೂಕ್ಷ್ಮದರ್ಶಕವು ಬಂದ ಮೇಲೆ ಬೆರಳಿನ ಜೊತೆಗೆ ಕಣ್ಣೂ ಸೇರಿತು.

ನಮ್ಮ ಮೈಸೂರು ಸಂಸ್ಥಾನದಲ್ಲಿ ಈ ಕೆಲಸವು 1920ರ ದಶಕದ ಕೊನೆಯಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಕ್ರಮವಾಗಿ ಆರಂಭವಾಯಿತು. ಡಾಕ್ಟರ್ ಸ್ವೀಟ್ ಅವರ ಮಾರ್ಗದರ್ಶನದಲ್ಲಿ ಸ್ಥಾಪಿತವಾದ ಮಲೇರಿಯಾ ಕೇಂದ್ರಗಳಲ್ಲಿ ಒಂದು ಮೂಡಿಗೆರೆಯಲ್ಲಿದ್ದಿತು. ಅದು ಚಾರ್ಮಾಡಿ ಘಟ್ಟದ ತಲೆಯ ಮೇಲಿನ ಊರು. ಬೆಳ್ತಂಗಡಿಯಿಂದ ಘಟ್ಟ ಹತ್ತಿದವರು ಸೇರುತ್ತಿದ್ದ ಕಾಫಿಯ ಸೀಮೆ. 1937ರಲ್ಲಿ ಸ್ವೀಟ್ ಮತ್ತು ರಾವ್ ಅವರು ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಯ ಮೊಟ್ಟೆಗಳನ್ನು ಅಳೆದು, ಅದರಲ್ಲಿ ಎರಡು ತಳಿಗಳುಂಟೆಂದು ತೋರಿಸಿದರು. ಒಂದು ತಳಿಗೆ ಮೈಸೂರೆನ್ಸಿಸ್ ಎಂದು ನಮ್ಮ ನಾಡಿನ ಹೆಸರೇ ನಿಂತಿತು. ನಗರದ ಬಾವಿ ತೊಟ್ಟಿಗಳಲ್ಲಿ ಹುಟ್ಟಿ ರೋಗವನ್ನು ಹರಡುವುದು ಇನ್ನೊಂದು ತಳಿ. ಅದರ ಮಾತು ಮುಂದೆ ಬರಲಿದೆ.

ಘಟ್ಟದ ಜ್ವರದ ಬೆನ್ನು ಮುರಿದುದು ಡಿ.ಡಿ.ಟಿ. ದಕ್ಷಿಣ ಕನ್ನಡದಿಂದ ಬೇರ್ಪಟ್ಟು 1862ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಉತ್ತರ ಕನ್ನಡದಲ್ಲಿಯೂ, ನೆರೆಯ ಧಾರವಾಡ ಜಿಲ್ಲೆಯಲ್ಲಿಯೂ, 1946ರಲ್ಲಿ ಡಾಕ್ಟರ್ ವಿಶ್ವನಾಥನ್ ಮತ್ತು ಡಾಕ್ಟರ್ ರಾಮಚಂದ್ರ ರಾವ್ ಅವರು ಹಳ್ಳಿಹಳ್ಳಿಯ ಮನೆಗಳ ಗೋಡೆಗಳಿಗೆ ಈ ಔಷಧವನ್ನು ಸಿಂಪಡಿಸುವ ಕಾರ್ಯಕ್ಕೆ ಕೈಹಾಕಿದರು. ಗ್ರಾಮಾಂತರದ ಮಲೇರಿಯಾವನ್ನು ಹೀಗೂ ಅಡಗಿಸಬಹುದೆಂದು ದೇಶಕ್ಕೆ ತೋರಿಸಿಕೊಟ್ಟ ಮೊದಲ ಪ್ರಯತ್ನಗಳಲ್ಲಿ ಇದು ಗಣ್ಯವಾದುದು. ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮವು 1953ರಲ್ಲಿಯೂ, ನಿರ್ಮೂಲನ ಕಾರ್ಯಕ್ರಮವು 1958ರಲ್ಲಿಯೂ ಬಂದುವು. 1965ರ ವೇಳೆಗೆ ಇಡೀ ದೇಶದಲ್ಲಿ ದಾಖಲಾದ ರೋಗಿಗಳ ಸಂಖ್ಯೆ ಸುಮಾರು 1 ಲಕ್ಷಕ್ಕೆ ಇಳಿಯಿತು. ಗೆದ್ದೆವೆಂದು ಎಲ್ಲರೂ ಭಾವಿಸಿದರು. ಆದರೆ ಸೊಳ್ಳೆಗೆ ಔಷಧವು ರೂಢಿಯಾಯಿತು, ಜನರ ಎಚ್ಚರವು ಸಡಿಲವಾಯಿತು. 1976ರಲ್ಲಿ ರೋಗಿಗಳ ಸಂಖ್ಯೆ 64 ಲಕ್ಷಕ್ಕೇರಿತು. ಇಳಿದ ಜ್ವರವು ಮರಳಿ ಏರಬಲ್ಲದೆಂಬ ಪಾಠವನ್ನು ದೇಶವು ಹೀಗೆ ಕಲಿಯಿತು.

ದಕ್ಷಿಣ ಕನ್ನಡದಲ್ಲಿ ಅದು ಮರಳಿ ಬಂದ ದಾರಿಯು ಮಾತ್ರ ಬೇರೆ. 1990ರ ದಶಕದಲ್ಲಿ ಮಂಗಳೂರು ನಗರವು ವೇಗವಾಗಿ ಬೆಳೆಯಿತು. ಎತ್ತರದ ಕಟ್ಟಡಗಳು ಎದ್ದುವು. ಅವುಗಳನ್ನು ಕಟ್ಟಲು ಬಯಲುಸೀಮೆಯಿಂದಲೂ ಹೊರರಾಜ್ಯಗಳಿಂದಲೂ ಕೂಲಿಕಾರರು ಬಂದರು. ಕಟ್ಟಡದ ಗಾರೆಯನ್ನು ನೆನೆಸಲು ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ತೊಟ್ಟಿ, ಬಳಸದೆ ಬಿಟ್ಟ ಬಾವಿ ಇವೆಲ್ಲವೂ ಸ್ಟೀಫೆನ್ಸಿ ಸೊಳ್ಳೆಯ ತವರಾದುವು. ಮಂಗಳೂರಿನಲ್ಲಿ ಮಲೇರಿಯಾ ನೆಲೆಯೂರಿತು. 2010ರ ದಶಕದಲ್ಲಿ ಕರ್ನಾಟಕದ ಮಲೇರಿಯಾ ರೋಗಿಗಳಲ್ಲಿ ದೊಡ್ಡ ಪಾಲು ಈ ಒಂದು ಜಿಲ್ಲೆಯದಾಗಿದ್ದಿತು.

ಈಗ ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ದಾರಿಯನ್ನು ಮತ್ತೆ ನೋಡೋಣ. ಅಜ್ಜನ ಕಾಲದಲ್ಲಿ ಜ್ವರವು ಪೂರ್ವದಿಂದ, ಘಟ್ಟದಿಂದ ಇಳಿದು ಬರುತ್ತಿದ್ದಿತು. ಮೊಮ್ಮಗನ ಕಾಲದಲ್ಲಿ ಅದು ಪಶ್ಚಿಮದಿಂದ, ನಗರದಿಂದ ಬಸ್ಸು ಹತ್ತಿ ಬರತೊಡಗಿತು. ಬೆಳಗ್ಗೆ ಮಂಗಳೂರಿಗೆ ಕೆಲಸಕ್ಕೆ ಹೋಗಿ ಸಂಜೆ ಮರಳುವವನು, ಅಲ್ಲಿಯ ವಸತಿಗೃಹದಲ್ಲಿದ್ದು ವಾರಕ್ಕೊಮ್ಮೆ ಊರಿಗೆ ಬರುವ ವಿದ್ಯಾರ್ಥಿ, ತಿಂಗಳುಗಟ್ಟಲೆ ಕಟ್ಟಡದ ಕೆಲಸದಲ್ಲಿದ್ದು ಹಬ್ಬಕ್ಕೆ ಬರುವ ಬಡಗಿ, ಇವರು ತಮ್ಮನ್ನು ಪ್ರಯಾಣಿಕರೆಂದು ಭಾವಿಸಲಾರರು. ಘಟ್ಟಕ್ಕೆ ಹೋಗುವುದು ಒಂದು ಪ್ರಯಾಣವಾಗಿದ್ದಿತು. ಮಂಗಳೂರಿಗೆ ಹೋಗುವುದು ನಿತ್ಯದ ಮಾತು. ಆದುದರಿಂದ ‘ಎಲ್ಲಿಗೆ ಹೋಗಿದ್ದಿರಿ?’ ಎಂದರೆ ‘ಎಲ್ಲಿಗೂ ಇಲ್ಲ’ ಎಂದೇ ಅವರು ಉತ್ತರಿಸುವರು. ಅವರು ಸುಳ್ಳಾಡುವವರಲ್ಲ, ಪ್ರಶ್ನೆಯ ಅರ್ಥವು ಅವರಿಗೆ ತಲಪುವುದಿಲ್ಲ.

ಈ ಪ್ರಶ್ನೆಯ ಅಗತ್ಯವಾದರೂ ಏನು, ರಕ್ತನಿಧಿಯಲ್ಲಿ ಪರೀಕ್ಷೆ ನಡೆಯುವುದಿಲ್ಲವೆ ಎಂದು ಶ್ರೋತೃಗಳು ಕೇಳಬಹುದು. ನಡೆಯುತ್ತದೆ. ಎಚ್.ಐ.ವಿ., ಎರಡು ಬಗೆಯ ಕಾಮಾಲೆ ಅಂದರೆ ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಈ ಐದಕ್ಕೂ ದಾನಿಯ ರಕ್ತವನ್ನು ಪರೀಕ್ಷಿಸಲೇಬೇಕೆಂದು ನಮ್ಮ ದೇಶದ ಕಾನೂನು ವಿಧಿಸಿದೆ. ಆದರೆ ಮಲೇರಿಯಾದ ಪರೀಕ್ಷೆಗೆ ಒಂದು ಮೇರೆಯುಂಟು. ಅದನ್ನು ಲೆಕ್ಕದಿಂದಲೇ ತಿಳಿಯಬಹುದು.

ಒಂದು ಮಿಲಿಲೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರೊಲೀಟರ್ ಎಂದು ಹೆಸರು. ಅಷ್ಟು ರಕ್ತದಲ್ಲಿ ಸುಮಾರು 100 ಪರೋಪಜೀವಿಗಳಿದ್ದರೆ ಗಾಜಿನ ಮೇಲೆ ಸವರಿದ ರಕ್ತಲೇಪದಲ್ಲಿ ಪಳಗಿದ ಕಣ್ಣಿಗೆ ಅವು ಕಾಣುತ್ತವೆ. ಕೆಲವೇ ನಿಮಿಷಗಳಲ್ಲಿ ಗೆರೆ ಮೂಡಿಸುವ ಕ್ಷಿಪ್ರಪರೀಕ್ಷೆಯ ಕಾರ್ಡಿಗೂ ಸರಿಸುಮಾರು ಅಷ್ಟೇ ಬೇಕು. ಈಗ ಒಬ್ಬ ದಾನಿಯ ರಕ್ತದಲ್ಲಿ ಮೈಕ್ರೊಲೀಟರಿಗೆ ಹತ್ತೇ ಪರೋಪಜೀವಿಗಳಿವೆಯೆಂದು ಇಟ್ಟುಕೊಳ್ಳೋಣ. ಪರೀಕ್ಷೆಯು ಇಲ್ಲವೆಂದೇ ಹೇಳುವ ಸಂಭವ ಹೆಚ್ಚು. ಆದರೆ ಚೀಲವೊಂದಕ್ಕೆ ತುಂಬುವ ರಕ್ತವು 350 ಮಿಲಿಲೀಟರು, ಎಂದರೆ 3,50,000 ಮೈಕ್ರೊಲೀಟರು. ಆ ಚೀಲದಲ್ಲಿ ಹೋಗುವ ಪರೋಪಜೀವಿಗಳು 35 ಲಕ್ಷ! ಪರೀಕ್ಷಕನ ಕಣ್ಣಿಗೆ ಬಿದ್ದುದು ಒಂದು ಹನಿ. ರೋಗಿಯ ಮೈಗೆ ಹೋಗುವುದು ಇಡೀ ಚೀಲ. ರಕ್ತನಿಧಿಯ ಶೀತಪೆಟ್ಟಿಗೆಯ ಚಳಿಯೂ ಈ ಜೀವಿಯನ್ನು ಕೂಡಲೇ ಕೊಲ್ಲದು. ಅಲ್ಲಿಯೂ ಅದು ಒಂದು ವಾರಕ್ಕೆ ಕಡಮೆಯಿಲ್ಲದೆ ಬದುಕಬಲ್ಲದು.

ಇಷ್ಟು ಅಲ್ಪಸಂಖ್ಯೆಯಲ್ಲಿ ಪರೋಪಜೀವಿಯನ್ನು ಹೊತ್ತವನು ರೋಗಿಯಂತೆ ಕಾಣುತ್ತಾನೆಯೆ? ಕಾಣದಿರುವುದೇ ಹೆಚ್ಚು. ಪದೇ ಪದೇ ಜ್ವರ ಬಂದವನ ಮೈಗೆ ಅರ್ಧಂಬರ್ಧ ರಕ್ಷಣೆ ಬಂದಿರುತ್ತದೆ. ಅವನು ನಡೆದಾಡುವನು, ದುಡಿಯುವನು, ತನಗೇನೂ ಇಲ್ಲವೆಂದು ನಂಬಿರುವನು. ಚತುರ್ಥಕ ಜ್ವರವನ್ನು ತರುವ ಮಲೇರಿಯೇ ಎಂಬ ಜಾತಿಯಂತೂ ದಶಕಗಳವರೆಗೆ ರಕ್ತದಲ್ಲಿ ಅಡಗಿರಬಲ್ಲದು. ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಎಂಬ ಜಾತಿಯು ಯಕೃತ್ತಿನಲ್ಲಿ ನಿದ್ರಿಸಿ, ತಿಂಗಳುಗಳು ಕಳೆದ ಮೇಲೆ ಎಚ್ಚತ್ತು ರಕ್ತಕ್ಕಿಳಿಯುವುದು. ಅರ್ಧಕ್ಕೇ ಔಷಧವನ್ನು ಬಿಟ್ಟವನು ಗುಣವಾದೆನೆಂದು ತಿಳಿದಿರುವಾಗಲೇ ಹೀಗಾಗಬಹುದು. ಆದುದರಿಂದಲೇ ಮಲೇರಿಯಾ ಬಂದವನು ಪೂರ್ಣ ಗುಣಹೊಂದಿದ ಮೇಲೂ ಮೂರು ತಿಂಗಳು ರಕ್ತ ಕೊಡಬಾರದೆಂದು ನಮ್ಮ ದೇಶದ ನಿಯಮವಿದೆ. ಈ ನಿಯಮವನ್ನು ಜಾರಿಗೆ ತರಬಲ್ಲ ಯಂತ್ರವಾವುದೂ ಇಲ್ಲ. ದಾನಿಯು ಹೇಳಿದರೆ ಉಂಟು, ಹೇಳದಿದ್ದರೆ ಇಲ್ಲ.

ಮಲೇರಿಯಾವನ್ನು ನೀಗಿದ ದೇಶಗಳವರು ಈ ವಿಷಯದಲ್ಲಿ ಏನು ಮಾಡಿರುವರೆಂಬುದನ್ನೂ ನೋಡತಕ್ಕದ್ದು. ಅಮೆರಿಕದಲ್ಲಿ ಮಲೇರಿಯಾಪೀಡಿತ ದೇಶಕ್ಕೆ ಹೋಗಿಬಂದವನು ಒಂದು ವರ್ಷದವರೆಗೆ ರಕ್ತ ಕೊಡುವಂತಿರಲಿಲ್ಲ. 2020ರಲ್ಲಿ ಆ ಅವಧಿಯನ್ನು ಮೂರು ತಿಂಗಳಿಗೆ ಇಳಿಸಿದರು. ಅಂಥ ದೇಶದಲ್ಲಿ ಬಹುಕಾಲ ನೆಲಸಿ ಬಂದವನಿಗಾದರೆ ಮೂರು ವರ್ಷಗಳ ತಡೆ. ಮೂಡುಬಿದಿರೆಯಲ್ಲಿ ಹುಟ್ಟಿ ಬೆಳೆದು ಅಲ್ಲಿಗೆ ಓದಲು ಹೋದ ತರುಣನು ರಕ್ತ ಕೊಡಲು ಮುಂದಾದರೆ ‘ನೀವು ಎಲ್ಲಿಂದ ಬಂದಿರಿ?’ ಎಂದು ಕೇಳಿ ಅವನನ್ನು ಹಿಂದಕ್ಕೆ ಕಳುಹಿಸುವುದು ಈ ಕಾರಣದಿಂದ. ಅದು ಅವಮಾನವಲ್ಲ, ಎಚ್ಚರಿಕೆ. ಅಷ್ಟಾದರೂ 1963ರಿಂದ 1999ರವರೆಗೆ ಅಲ್ಲಿ ರಕ್ತದ ಮೂಲಕ ಮಲೇರಿಯಾ ಹೊಂದಿದ 93 ರೋಗಿಗಳು ದಾಖಲಾಗಿರುವರು. ಪೂರ್ಣ ವಿವರ ದೊರೆತ ದಾನಿಗಳ ವೃತ್ತಾಂತವನ್ನು ಪರಿಶೀಲಿಸಿದಾಗ, ಪ್ರಶ್ನೆಗಳನ್ನು ಸರಿಯಾಗಿ ಕೇಳಿ ನಿಯಮವನ್ನು ಸರಿಯಾಗಿ ಪಾಲಿಸಿದ್ದರೆ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಬಾಗಿಲಲ್ಲಿಯೇ ತಡೆಯಬಹುದಾಗಿದ್ದಿತೆಂದು ತಿಳಿದುಬಂದಿತು.

ಹಾಗಾದರೆ ನಾವೂ ಅದೇ ಕಟ್ಟಳೆಯನ್ನು ತರಬಾರದೆ? ಇಲ್ಲಿ ವಿವೇಕ ಬೇಕು. ಮಂಗಳೂರಿಗೆ ಹೋಗಿಬಂದವರೆಲ್ಲರನ್ನೂ ಮೂರು ತಿಂಗಳು ನಿಲ್ಲಿಸಿದರೆ ಬಂಟವಾಳದಲ್ಲಿ ದಾನಿಗಳೇ ಉಳಿಯಲಾರರು. ಹೆರಿಗೆಯಲ್ಲಿ ರಕ್ತ ಸೋರಿಹೋದ ತಾಯಿಗೆ, ರಸ್ತೆಯಲ್ಲಿ ಗಾಯಗೊಂಡವನಿಗೆ, ತಿಂಗಳು ತಿಂಗಳೂ ರಕ್ತ ಬೇಕಾಗುವ ಥಲಸೀಮಿಯಾದ ಮಗುವಿಗೆ ರಕ್ತವಿಲ್ಲದಿರುವ ಅಪಾಯವು ಮಲೇರಿಯಾದ ಅಪಾಯಕ್ಕಿಂತ ದೊಡ್ಡದು. ಮಲೇರಿಯಾಕ್ಕೆ ಔಷಧವುಂಟು, ರಕ್ತಕ್ಕೆ ಬದಲಿಲ್ಲ. ಆದರೆ ಆ ಮಾತನ್ನು ಹಿಡಿದು ಅಲಕ್ಷ್ಯಮಾಡುವುದೂ ಸಲ್ಲದು. ರಕ್ತ ಪಡೆಯುವವರು ಮೊದಲೇ ಬಳಲಿದವರು. ಬಸುರಿಯರಿಗೂ ಎಳೆಯ ಮಕ್ಕಳಿಗೂ ಈ ಜ್ವರವು ಪ್ರಾಣಾಂತಿಕವಾಗಬಹುದು. ಶಸ್ತ್ರಚಿಕಿತ್ಸೆಯಾದ ಮೇಲೆ ಜ್ವರ ಬಂದರೆ ವೈದ್ಯರು ಗಾಯದ ನಂಜನ್ನು ಶಂಕಿಸುವರೇ ಹೊರತು ಮಲೇರಿಯಾವನ್ನು ನೆನೆಯುವುದು ತಡವಾಗಬಹುದು. ಹೀಗಿರುವಾಗ ಕಟ್ಟಳೆಯನ್ನು ಎರವಲು ತರುವುದಕ್ಕಿಂತ ಪ್ರಶ್ನೆಯನ್ನು ನಮ್ಮ ನಾಡಿಗೆ ಹೊಂದಿಸಿಕೊಳ್ಳುವುದೇ ಯೋಗ್ಯವೆಂದು ನಮಗೆ ತೋರುತ್ತದೆ. ‘ಪ್ರಯಾಣ ಮಾಡಿರುವಿರಾ?’ ಎಂದು ಕೇಳಿದರೆ ಸಾಲದು. ‘ಕಳೆದ ಮೂರು ತಿಂಗಳಲ್ಲಿ ಯಾವ ಊರುಗಳಲ್ಲಿ ರಾತ್ರಿ ತಂಗಿದ್ದಿರಿ? ಕಟ್ಟಡ ಕೆಲಸದ ಜಾಗದಲ್ಲಿ ಮಲಗಿದ್ದಿರಾ? ಚಳಿ ನಡುಕ ಬಂದಿತ್ತೆ? ಮಲೇರಿಯಾದ ಮಾತ್ರೆ ತೆಗೆದುಕೊಂಡಿರಾ, ಪೂರ್ತಿ ಮುಗಿಸಿದಿರಾ?’ ಎಂದು ಅವನ ಮಾತಿನಲ್ಲಿಯೇ, ತುಳುವಾಗಲಿ ಬ್ಯಾರಿಯಾಗಲಿ ಕೊಂಕಣಿಯಾಗಲಿ ಕನ್ನಡವಾಗಲಿ, ಬಿಡುವಾಗಿ ಕೇಳಬೇಕು. ರಾತ್ರಿಯ ವಾಸವನ್ನು ಮುಖ್ಯವಾಗಿ ಕೇಳುವುದೇಕೆಂದರೆ ಅನಾಫಿಲಿಸ್ ಕಚ್ಚುವುದು ಸಂಜೆಯಿಂದ ಬೆಳಗಿನ ಜಾವದವರೆಗೆ.

ಇಂಥ ಪ್ರಶ್ನೆಗೆ ಸತ್ಯವಾದ ಉತ್ತರ ಬರಬೇಕಾದರೆ ಉತ್ತರಿಸುವವನಿಗೆ ಭಯವಾಗಲಿ ನಾಚಿಕೆಯಾಗಲಿ ಇರಬಾರದು. ಹಿಂದೆ ಹಣಕ್ಕೆ ರಕ್ತ ಮಾರುವವರಿದ್ದರು. ಕಾಸಿಗಾಗಿ ರೋಗವನ್ನು ಮುಚ್ಚಿಡುತ್ತಿದ್ದರು. 1996ರ ಜನವರಿ 4ರಂದು ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ಆ ಪದ್ಧತಿಯು ನಿಷಿದ್ಧವಾಯಿತು. ಇಂದು ಕೊಡುವವರು ಸ್ವಇಚ್ಛೆಯಿಂದ ಕೊಡುವವರು. ಯುವಕಮಂಡಲಗಳೂ ಕಾಲೇಜುಗಳೂ ದೇವಸ್ಥಾನ, ಮಸೀದಿ, ಇಗರ್ಜಿಗಳ ಸಂಘಗಳೂ ನಡೆಸುವ ಶಿಬಿರಗಳು ನಮ್ಮ ಜಿಲ್ಲೆಯ ಹೆಮ್ಮೆ. ಆದರೆ ಹೆಮ್ಮೆಗೂ ಒಂದು ದೋಷವುಂಟು. ಈ ವರ್ಷ ನೂರು ಚೀಲ, ಬರುವ ವರ್ಷ ಇನ್ನೂರು ಎಂದು ಎಣಿಕೆಯೇ ಗುರಿಯಾದರೆ, ಹದಿನೈದು ದಿನದ ಹಿಂದೆ ಜ್ವರದಲ್ಲಿ ಮಲಗಿದ್ದ ಹುಡುಗನು ಗೆಳೆಯರ ಮುಂದೆ ಹಿಂದೆಗೆಯಲು ನಾಚಿ, ‘ಏನೂ ಇಲ್ಲ’ ಎಂದು ಬರೆದು ತೋಳು ಚಾಚುವನು. ಅಂಥವನು ತನ್ನ ಜ್ವರವನ್ನು ಹೇಳಿ ಮರಳಿ ಹೋದರೆ ಅವನೂ ಆ ದಿನ ಒಬ್ಬ ರೋಗಿಯನ್ನು ಕಾಪಾಡಿದವನೇ. ಅವನಿಗೂ ಕೊಟ್ಟವರಿಗೆ ಕೊಡುವಷ್ಟೇ ಮರ್ಯಾದೆಯನ್ನು ಶಿಬಿರದವರು ಕೊಡತಕ್ಕದ್ದು.

ಇನ್ನೊಂದು ಎಚ್ಚರಿಕೆಯ ಮಾತು. ಜ್ವರವನ್ನು ತಂದವರು ಹೊರಗಿನ ಕೂಲಿಗಳೆಂದು ಬೆರಳು ತೋರುವುದು ಸುಲಭ. ನಮ್ಮ ಅಜ್ಜಂದಿರೂ ಒಮ್ಮೆ ಅನ್ಯರ ಸೀಮೆಗೆ ಹೋದ ಕೂಲಿಗಳೇ ಆಗಿದ್ದರು. ಕಟ್ಟಡದ ನೀರನ್ನು ಮುಚ್ಚದೆ ಬಿಟ್ಟುದು ಕೂಲಿಯ ತಪ್ಪಲ್ಲ. ಸೊಳ್ಳೆಪರದೆಯಿಲ್ಲದೆ ಅವನು ಮಲಗುವುದು ಅವನ ಇಷ್ಟದಿಂದಲ್ಲ. ಪ್ರಶ್ನೆಯನ್ನು ಎಲ್ಲರಿಗೂ ಒಂದೇ ಸಮನಾಗಿ ಕೇಳಿದರೆ ಅದು ಪರೀಕ್ಷೆ. ಮುಖ ನೋಡಿ ಕೆಲವರಿಗೆ ಮಾತ್ರ ಕೇಳಿದರೆ ಅದು ತಾತ್ಸಾರ. ತಾತ್ಸಾರಕ್ಕೆ ಯಾರೂ ಸತ್ಯವನ್ನು ಒಪ್ಪಿಸುವುದಿಲ್ಲ.

ಈಚಿನ ವರ್ಷಗಳಲ್ಲಿ ನಮ್ಮ ಜಿಲ್ಲೆಯ ಸ್ಥಿತಿಯು ಬಹಳ ಸುಧಾರಿಸಿದೆ. 2015ರಲ್ಲಿ ಮಂಗಳೂರಿನಲ್ಲಿ ಪ್ರತಿಯೊಂದು ಜ್ವರದ ನೆಲೆಯನ್ನೂ ಕೈಯಲ್ಲಿ ಹಿಡಿಯುವ ಯಂತ್ರದ ಮೂಲಕ ನಕ್ಷೆಯಲ್ಲಿ ಗುರುತಿಸಿ, ಆ ಮನೆಯ ಸುತ್ತಣ ಸೊಳ್ಳೆಯನ್ನು ಹುಡುಕುವ ಏರ್ಪಾಡನ್ನು ತಂದ ಬಳಿಕ ರೋಗಿಗಳ ಸಂಖ್ಯೆಯು ವರ್ಷೇ ವರ್ಷೇ ಇಳಿದಿದೆ. 2030ರ ವೇಳೆಗೆ ದೇಶದಿಂದಲೇ ಮಲೇರಿಯಾವನ್ನು ಕಳೆಯಬೇಕೆಂದು ಸರಕಾರವು ಸಂಕಲ್ಪಿಸಿದೆ. ಇದು ಸಂತೋಷದ ಸಂಗತಿ. ಆದರೆ ನಾವು ಆರಂಭದಲ್ಲಿ ಹೇಳಿದ ಮಾತು ಇಲ್ಲಿಯೇ ಅನ್ವಯಿಸುವುದು. ಜ್ವರವು ಮನೆಮನೆಯಲ್ಲಿದ್ದಾಗ ವೈದ್ಯನಿಗೆ ಅದರ ನೆನಪು ಸದಾ ಇರುತ್ತದೆ. ಅದು ಅಪರೂಪವಾದಾಗ ಕಾರ್ಡಿನ ಗೆರೆಯನ್ನೂ ಯಾರೂ ದಿಟ್ಟಿಸಿ ನೋಡರು, ಸೂಕ್ಷ್ಮದರ್ಶಕಕ್ಕೆ ಪಳಗಿದ ಕಣ್ಣೂ ಸಿಗದು, ಮೈಯಲ್ಲಿದ್ದ ಅಲ್ಪಸ್ವಲ್ಪ ರಕ್ಷಣೆಯೂ ಉಳಿಯದು. ಆಗ ಬರುವ ಒಂದೊಂದು ಜ್ವರವೂ ಯಾರದೋ ಪ್ರಯಾಣದ ಜೊತೆಗೆ, ಆಫ್ರಿಕಾದಿಂದಲೋ ಒಡಿಶಾದಿಂದಲೋ ಅಥವಾ ಯಾವುದೋ ಕಾಡಂಚಿನಿಂದಲೋ ಬಂದುದಾಗಿರುವುದು. 1965ರ ನಂಬಿಕೆಯು 1976ರಲ್ಲಿ ಏನಾಯಿತೆಂಬುದನ್ನು ಬಲ್ಲವರು, ಜ್ವರವು ಇಳಿದ ಕಾಲದಲ್ಲಿಯೇ ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವರು.

ಬಂಟವಾಳದ ಹೊಳೆಗೆ ಕಾಫಿಯ ಮೂಟೆ ಹೊತ್ತ ದೋಣಿ ಈಗ ಬರುವುದಿಲ್ಲ. ಚಾರ್ಮಾಡಿಯ ತಿರುವುಗಳಲ್ಲಿ ಎತ್ತಿನ ಗಾಡಿಗಳೂ ಇಲ್ಲ. ಆದರೆ ಇವು ಇಂದಿಗೂ ದಾರಿಯ ಮೇಲಿನ ಊರುಗಳೇ. ಅಲ್ಲಿಯ ಶಿಬಿರವೊಂದರಲ್ಲಿ ಮುಂದಿನ ಬಾರಿ ದಾನಿಯ ಕೈಗೆ ಪ್ರಶ್ನಾವಳಿಯ ಹಾಳೆಯನ್ನು ಕೊಡುವವರು, ಅದನ್ನು ತಾವೇ ತುಂಬಿ ರುಜು ಮಾಡಿಸಿಕೊಳ್ಳದೆ, ಎದುರಿಗೆ ಕುಳಿತು ಒಂದೊಂದಾಗಿ ಕೇಳಲಿ. ದಾನಿಯೂ ನೆನೆದು ನೆನೆದು ಉತ್ತರಿಸಲಿ. ಐದು ನಿಮಿಷದ ಕೆಲಸ ಅದು. ಯಾರೆಂದು ಎಂದಿಗೂ ತಿಳಿಯದ ರೋಗಿಯೊಬ್ಬರ ಪರವಾಗಿ ನಡೆಯುವ ಮಾತುಕತೆಯಾದುದರಿಂದ ಅಷ್ಟು ಹೊತ್ತು ಅದಕ್ಕೆ ಸಲ್ಲತಕ್ಕದ್ದೇ ಆಗಿದೆ.